ಐನೊನ ಎಡಮಂಡಿ

ಐರನ್ ಕೋವ್, ಮಿಷಿಗನ್
ನವೆಂಬರ್ 17, 2019, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

"ಮಂಡಿ ಎಲ್ಲಿ ಹೋಗುತ್ತೆ, ಈ ಶನಿವಾರ ಮತ್ತೆ ಬರಲ್ಲ." ನೀನು ಹೇಳಿದ್ದು ಹೀಗೆಯೋ, ಅಥವಾ "ಶನಿವಾರ ಮತ್ತೆ ಬರುತ್ತೆ, ಮಂಡಿ ಬರಲ್ಲ" ಎಂದೋ? ಎಂಬತ್ತೇಳನೇ ಇಸವಿಯಲ್ಲಿ ನನಗೆ ಹದಿನಾರು. ಬಾತ ಮಂಡಿಯಲ್ಲೇ ನೀನು ಕಾಲೇಜಿನ ಕೊನೆಯ ಪಂದ್ಯ ಆಡಿ ಗೆಲ್ಲಿಸಿದ ವಾರ ಕೇಳಿದ ಮಾತು. ಅದರ ಧಾಟಿ ಕಿವಿಯಲ್ಲಿದೆ, ಪದಗಳು ಮಾತ್ರ ಕೈಕೊಟ್ಟಿವೆ. ಕವಿತೆಗಳ ವಿಷಯದಲ್ಲೂ ನನ್ನದು ಇದೇ ಪಾಡು. ಲೈಬ್ರರಿಯಲ್ಲಿ ಯಾರಿಗೋ ಒಂದು ಸಾಲು ಧೈರ್ಯವಾಗಿ ಹೇಳಿಬಿಡುತ್ತೇನೆ, ಪುಸ್ತಕ ತೆರೆದರೆ ಅದು ಬೆನ್ನು ತಿರುಗಿಸಿ ನಿಂತಿರುತ್ತದೆ. ನಿನ್ನನ್ನು ತೆರೆದು ನೋಡೋಣವೆಂದರೆ ನೀನು ಸರೋವರದ ನಡುವೆ ಅದಿರಿನ ಹಡಗಿನಲ್ಲಿದ್ದೀಯ.

ಹೇಗಿದ್ದೀಯ? ಬಿ.ಪಿ. ಮಾತ್ರೆ ತಪ್ಪದೆ ನುಂಗುತ್ತಿದ್ದೀಯ ತಾನೆ? ಥಂಡಿಗೆ ಕಾಲು ಹಿಡಿದುಕೊಳ್ಳುತ್ತಿದ್ದರೆ ನಾನು ಹೆಣೆದ ಉಣ್ಣೆಯ ಕಾಲುಚೀಲ ಪೆಟ್ಟಿಗೆಯ ತಳದಲ್ಲಿದೆ, ಹುಡುಕು. ಹಡಗಿನ ಅಡುಗೆಯವನು ಈಗಲೂ ಎಲ್ಲದಕ್ಕೂ ಮೆಣಸು ಸುರಿಯುತ್ತಾನೆಯೆ? ಫೋನ್ ಮಾಡಬಹುದಿತ್ತು, ಆದರೆ ಸಿಗ್ನಲ್ ಸಿಕ್ಕರೂ ನೀನು ಎರಡೇ ನಿಮಿಷಕ್ಕೆ ಗಾಳಿ ಮಳೆಯ ಮಾತಿಗೆ ಇಳಿದುಬಿಡುತ್ತೀಯ. ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿ ಬಂದಾಗ ಬಕೆಟ್ಟಿನಲ್ಲಿ ಮೇಲೆಳೆದುಕೊಂಡ ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು.

ವಿಷಯ ನಿನ್ನ ಸೋದರಳಿಯನದು. ಹೋದ ವಾರ ಕಾಲೇಜಿನ ಫುಟ್‌ಬಾಲ್ ಪಂದ್ಯದಲ್ಲಿ ಐನೊ ಚೆಂಡು ಅವುಚಿಕೊಂಡು ಓಡುವಾಗ ಇಬ್ಬರು ಒಟ್ಟಿಗೆ ಮೇಲೆ ಬಿದ್ದರು, ಎಡಮಂಡಿ ತಿರುಚಿಕೊಂಡಿತು. ಅವನು ಮೈದಾನದಲ್ಲಿ ಬಿದ್ದಿದ್ದರೆ ನಾನು ಗ್ಯಾಲರಿಯಲ್ಲಿ ಎದ್ದೆ, ಮುಂದಿನ ಬೆಂಚು ದಾಟಲು ಹೋಗಿ ಕಾಲು ಸಿಕ್ಕಿಸಿಕೊಂಡು ನಾನೂ ಬಿದ್ದೆ. ನನ್ನ ಬಲಮಂಡಿಯನ್ನು ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ಅವನ ಎಡಮಂಡಿಯ ಮೇಲೆ. ಒಳಗಿನ ನಾರು ಅರ್ಧ ಹರಿದಿದೆ ಎಂದರು ಡಾಕ್ಟರು. ಪಟ್ಟಿ ಕಟ್ಟಿಕೊಂಡು ಆಡಿದರೆ ತಡೆಯಬಹುದು, ತಡೆಯದೆಯೂ ಇರಬಹುದು, ನೀನೇ ಯೋಚಿಸು ಎಂದು ಅವನಿಗೇ ಬಿಟ್ಟರು. ಅದರ ಮರು ಶನಿವಾರವೇ, ಅಂದರೆ ನಿನ್ನೆಯೇ, ಊರಿನಲ್ಲಿ ಅವನ ಕೊನೆಯ ಪಂದ್ಯ. ಎದುರಾಳಿಗಳಿಗೆ ಸುಳಿವು ಸಿಗಬಾರದೆಂದು ಕೋಚ್ ನಮ್ಮಿಬ್ಬರ ಬಾಯಿಗೂ ಬೀಗ ಹಾಕಿದರು.

ನಮ್ಮ ಬಾಯಿಗೆ ಬೀಗ ಬಿದ್ದದ್ದೇ ತಡ, ಊರು ಕಣ್ಣಿನಿಂದ ಮಾತಾಡತೊಡಗಿತು, ಅಣ್ಣಾ. ಸೋಮವಾರ ನಾನು ಔಷಧಿ ಅಂಗಡಿಯಲ್ಲಿ ಮಂಡಿಗೆ ಹಾಕುವ ಪಟ್ಟಿ ಕೊಂಡೆ, ದೊಡ್ಡ ಸೈಜಿನದು. ಸಂಜೆಯೊಳಗೆ ಅಭಿಮಾನಿಗಳ ವೆಬ್‌ಸೈಟಿನಲ್ಲಿ 'ಹಳೇ ಹದ್ದು' ಎಂಬ ಹೆಸರಿನವನು ಬರೆದಿದ್ದ: "ತಾಯಿ ದೊಡ್ಡ ಸೈಜು ತಗೊಂಡಿದ್ದಾಳೆ. ಹುಡುಗನ ಕಾಲು ಕುಂಬಳಕಾಯಿ ಆಗಿರಬೇಕು." ಅದು ನನ್ನ ಕಾಲಿನ ಸೈಜು ಎಂದು ಊರಿಗೆಲ್ಲ ಸಾರಲು ನನಗೆ ಮಾನ ಅಡ್ಡ ಬಂತು. ಮಂಗಳವಾರ ಕ್ಷೌರದಂಗಡಿಯ ಆರ್ನಿ ಕತ್ತರಿ ಹಿಡಿದುಕೊಂಡೇ ರಸ್ತೆಗೆ ಬಂದ. "ಹೆಲ್ಮಿ, ನಾನೇನೂ ಕೇಳಲ್ಲಮ್ಮ. ಹುಡುಗ ಮೆಟ್ಟಿಲು ಇಳೀವಾಗ ಯಾವ ಕಾಲು ಮುಂದಿಡ್ತಾನೆ ಅಷ್ಟು ಹೇಳಿಬಿಡು, ಮಿಕ್ಕಿದ್ದು ನಾನ್ ನೋಡ್ಕೋತೀನಿ!" ಒಳಗೆ ಅರ್ಧ ತಲೆ ಕತ್ತರಿಸಿಕೊಂಡು ಕೂತಿದ್ದವನೂ ಉತ್ತರಕ್ಕಾಗಿ ಕತ್ತು ಚಾಚಿದ್ದ.

ಬುಧವಾರ ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ಸಿಕ್ಕಿತು. ಅಂದು ಪಕ್ಕದ ಮನೆ ಸೈಮಾ ಆಂಟಿಯ ಸೌನಾ ಉಗಿಮನೆಯಲ್ಲಿ ಗಂಡಸರ ಸರದಿಯಲ್ಲವೆ? ಹತ್ತು ವರ್ಷದವನಿದ್ದಾಗಿನಿಂದ ಒಂದು ಬುಧವಾರವೂ ತಪ್ಪಿಸದ ಐನೊ ಹೋಗಲಿಲ್ಲ. ಊತಕ್ಕೆ ಬಿಸಿ ತಾಗಿಸಬಾರದೆಂದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಉಗಿಯಲ್ಲಿ ಬೆವರುತ್ತ ಕೂತ ಆರು ಜನ ಅಲ್ಲೇ ತೀರ್ಪು ಕೊಟ್ಟರು: ಊದಿದೆ, ಆಡಲ್ಲ. "ಇಲ್ಲಪ್ಪಾ, ಪರೀಕ್ಷೆಗೆ ಓದ್ತಿರಬೇಕು," ಎಂದನಂತೆ ಒಬ್ಬ. ಉಳಿದ ಐವರು ನಕ್ಕ ನಗು ನನ್ನ ಅಡುಗೆಮನೆಗೆ ಕೇಳಿಸಿತು. ಮರುದಿನ ರೇಡಿಯೊಗೆ ಫೋನ್ ಮಾಡಿದವನೊಬ್ಬ ಕಾಲೇಜು, ಕೋಚ್, ಡಾಕ್ಟರು ಯಾರ ಹೆಸರನ್ನೂ ಎತ್ತದೆ, "ಸೌನಾ ಮೂಲಗಳ ಪ್ರಕಾರ" ಎಂದ.

ಊರು ನಗಿಸುತ್ತಿತ್ತು, ಮನೆಯಲ್ಲಿ ಮಾತ್ರ ನನಗೆ ನಗು ಬರುತ್ತಿರಲಿಲ್ಲ. ಆಡಿಯೇ ತೀರುತ್ತೇನೆ ಎಂದು ಕೂತಿದ್ದ ಅವನು. ಬೇಡ ಅಂದಾಗಲೆಲ್ಲ ನಿನ್ನ ಮಾತನ್ನೇ ತಂದು ಎದುರಿಗಿಡುತ್ತಿದ್ದ: "ಮಾವನೇ ಹೇಳಿದಾನಲ್ಲ, ಮಂಡಿ ಎಲ್ಲಿ ಹೋಗುತ್ತೆ, ಶನಿವಾರ ಮತ್ತೆ ಬರಲ್ಲ ಅಂತ!" "ನಿನ್ನ ಮಾವ ಹೇಳಿದ್ದು ಹಾಗಲ್ಲ, ತಿರುಗಾಮುರುಗಾ," ಎಂದೆ. "ನಿನಗೆ ಯಾವ ಸಾಲು ಸರಿಯಾಗಿ ನೆನಪಿರುತ್ತೆ ಹೇಳಮ್ಮಾ," ಎಂದುಬಿಟ್ಟ. ನೀನು ಏಣಿ ಇಳಿಯುವಾಗ ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೆನಪಿಸಿದೆ. "ಮಾವ ಕುಂಟೋದು ಮೆಡಲ್ ಹಾಕ್ಕೊಂಡಂಗೆ ಕಣಮ್ಮ. ಇವತ್ತಿಗೂ ಊರಲ್ಲಿ ಯಾರೂ ಅವನ ಹತ್ರ ಬಿಯರ್‌ಗೆ ದುಡ್ಡು ಇಸ್ಕೊಳ್ಳಲ್ಲ," ಎಂದ. ಅವನ ಅಪ್ಪ ಫೀನಿಕ್ಸಿನಿಂದ ಫೋನಿಗೆ ಎತ್ತಿದ ಹೆಬ್ಬೆರಳಿನ ಚಿತ್ರ ಎರಡು ಕಳಿಸಿ ಸುಮ್ಮನಾಗಿದ್ದ. ಎರಡು ರಾತ್ರಿ ನಿನಗೆ ಫೋನ್ ಹಚ್ಚಿದೆ, ಸಿಗಲಿಲ್ಲ.

ಶುಕ್ರವಾರ ಸಂಜೆ ಎರಡು ಏಲಕ್ಕಿ ಬ್ರೆಡ್ ಮಾಡಿ ಒಂದನ್ನು ತಟ್ಟೆಯ ಸಮೇತ ಸೈಮಾ ಆಂಟಿಗೆ ಕೊಟ್ಟು ಬಾ ಎಂದು ಅವನನ್ನು ಕಳಿಸಿದೆ. ಐದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡ. ಬಂದವನೇ ಅಡುಗೆಮನೆಯಲ್ಲಿ ನಿಂತು ಕೋಚ್‌ಗೆ ಫೋನ್ ಮಾಡಿದ. "ಸಾರ್, ನಾಳೆ ನಾನು ಆಡಲ್ಲ. ನನ್ನ ಜಾಗಕ್ಕೆ ಟೀಮಿನ ಚಿಕ್ಕವನನ್ನ ಇಳಿಸಿ, ನಾನು ಪಕ್ಕದಲ್ಲಿರ್ತೀನಿ." ಅಷ್ಟೇ. ಆಮೇಲೆ ಮುಖ ತೊಳೆದುಕೊಂಡು ಬಂದ, ಬಹಳ ಹೊತ್ತು ತೊಳೆದುಕೊಂಡ. ಏನಾಯಿತೆಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು ಹೆದರಿಕೆ.

ನಿನ್ನೆ ಕೊನೆಯ ವರ್ಷದವರ ಬೀಳ್ಕೊಡುಗೆ. ಒಬ್ಬೊಬ್ಬರೂ ತಾಯ್ತಂದೆಯರ ತೋಳು ಹಿಡಿದು ಮೈದಾನದ ನಡುವಿನವರೆಗೆ ನಡೆಯಬೇಕು. ನಮ್ಮ ಹೆಸರು ಕೂಗಿದಾಗ ನಾಲ್ಕು ಸಾವಿರ ಜನ ಅವನ ಕಾಲುಗಳನ್ನೇ ನೋಡಿದರು. ಅವನು ಹುಷಾರಾಗಿ, ನೆಟ್ಟಗೇ ನಡೆದ. ಪ್ರತಿ ಹೆಜ್ಜೆಗೂ ಕುಂಟಿದವಳು ನಾನು! ನನ್ನ ಭಾರವನ್ನು ಅವನ ತೋಳಿನ ಮೇಲೆ ಬಿಟ್ಟು, ಲಂಗದ ಕೆಳಗೆ ಇಣುಕುತ್ತಿದ್ದ ಆ ದೊಡ್ಡ ಸೈಜಿನ ಪಟ್ಟಿಯೊಂದಿಗೆ. ಎಲ್ಲಿಂದಲೋ ಆರ್ನಿಯ ದನಿ: "ಲೋ, ಇಡೀ ವಾರ ತಪ್ಪು ಮಂಡಿ ಕಾಯ್ದುಬಿಟ್ವಲ್ರೋ!" ಅಂಥ ನಗು ಆ ಮೈದಾನ ಕಂಡಿರಲಾರದು. ಐನೊನೂ ಬಗ್ಗಿ ಬಗ್ಗಿ ನಕ್ಕ. ನನಗಾಗಿ ಎದ್ದುನಿಂತು ಚಪ್ಪಾಳೆ ತಟ್ಟಿದರು, ಅಣ್ಣಾ, ಮುಂದಿನ ಜನ್ಮಕ್ಕೂ ಅಷ್ಟು ಸಾಕು.

ಎರಡು ಅಂಕದಿಂದ ಸೋತೆವು. ಐನೊ ಇದ್ದಿದ್ದರೆ ಎಂದು ಕೆಲವರು ಗೊಣಗಿದ್ದು ಅವನಿಗೂ ಕೇಳಿಸಿತು, ನನಗೂ ಕೇಳಿಸಿತು. ಅವನು ಪಂದ್ಯ ಪೂರ್ತಿ ಅಂಚಿನಲ್ಲಿ ನಿಂತು, ತನ್ನ ಜಾಗಕ್ಕೆ ಇಳಿದ ಚಿಕ್ಕವನು ಹೊರಗೆ ಬಂದಾಗಲೆಲ್ಲ ಹೆಗಲು ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಿದ್ದ. ಇವತ್ತು ಹನ್ನೊಂದರವರೆಗೂ ಮಲಗಿದ್ದು ಎದ್ದು ಅರ್ಧ ಬ್ರೆಡ್ ಮುಗಿಸಿದ.

ಗಾಳಿ ಜೋರಿದ್ದಾಗ ಡೆಕ್ಕಿನ ಮೇಲೆ ಓಡಾಡಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು, ಆ ಮೆಣಸಿನವನಿಗೂ. ಕ್ರಿಸ್‌ಮಸ್ ಕಳೆದು ನೀರು ಹೆಪ್ಪುಗಟ್ಟುವ ಮುಂಚೆ ಸುಖವಾಗಿ ದಡ ಸೇರು, ನಿನ್ನ ಕೋಣೆಯ ಹೀಟರ್ ರಿಪೇರಿ ಮಾಡಿಸಿಟ್ಟಿದ್ದೇನೆ.

ನಿನ್ನ ಕುಂಟು ತಂಗಿ,
ಹೆಲ್ಮಿ

ಇನ್ನೊಂದು ಮಾತು: ಲಕೋಟೆ ಅಂಟಿಸುತ್ತಿದ್ದಾಗ ಸೈಮಾ ಆಂಟಿ ಬ್ರೆಡ್ಡಿನ ತಟ್ಟೆ ವಾಪಸು ಕೊಡಲು ಬಂದರು. ಆಸ್ಪತ್ರೆ ಬಿಟ್ಟು ಹದಿನೈದು ವರ್ಷವಾದರೂ ಅವರು ನರ್ಸಮ್ಮನೇ, ಎಂಬತ್ತೇಳರಲ್ಲಿ ನಿನ್ನ ಕಾಲಿಗೆ ಪಟ್ಟಿ ಸುತ್ತಿದ್ದೂ ಅವರೇ ಅಲ್ಲವೆ. ಶುಕ್ರವಾರ ನನ್ನ ಮಗನಿಗೆ ಏನು ಹೇಳಿದಿರಿ ಎಂದು ಕೇಳಿಯೇಬಿಟ್ಟೆ. ಹೊಸ್ತಿಲು ದಾಟದೆ, ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದರು: "ನಾನೇನು ಹೇಳ್ಲಿ? ನಿಮ್ಮಣ್ಣ ಎರಡೂ ಹೇಳಿದ್ದ ಕಣೇ. ಮಂಡಿ ಎಲ್ಲಿ ಹೋಗುತ್ತೆ ಅಂದಿದ್ದು ಪಂದ್ಯದ ಹಿಂದಿನ ಶುಕ್ರವಾರ, ಪಟ್ಟಿ ಕಟ್ಟಿಸ್ಕೊಳ್ಳೋಕೆ ಬಂದಾಗ, ನಿಂತ್ಕೊಂಡು. ಮಂಡಿ ಬರಲ್ಲ ಅಂದಿದ್ದು ಭಾನುವಾರ, ಆಪರೇಷನ್ ಆದ್ಮೇಲೆ, ನನ್ನ ಕೈ ಹಿಡ್ಕೊಂಡು. ಯಾವುದು ಬೇಕೋ ಆರಿಸ್ಕೋ ಮಗಾ ಅಂತ ನಿನ್ನ ಹುಡುಗಂಗೆ ಅಂದೆ, ಅಷ್ಟೇ. ಸರಿ, ಈಗ ಆ ಕುರ್ಚಿ ಮೇಲೆ ಕೂತ್ಕೋ. ನಿನ್ನ ಮಂಡಿ ತೋರಿಸು, ಒಂದು ವಾರದಿಂದ ಯಾರೂ ನೋಡೇ ಇಲ್ಲ."