ಸಾಕ್ಸ್ ಹವಾಲ್ದಾರ್

ತರಬೇತಿ ಕೇಂದ್ರದ ಅತಿಥಿ ಕೋಣೆ
ಬುಧವಾರ, ಬೆಳಿಗ್ಗೆ

ಪ್ರೀತಿಯ ಅಪ್ಪನಿಗೆ,

ಮಗಳ ನಮಸ್ಕಾರ. ಫೋನ್ ಮಾಡೋದು ಬಿಟ್ಟು ಇದೇನು ಕಾಗದ ಎಂದು ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಸೈನ್ಯದ ವಿಷಯ ಎತ್ತಿದ ಕೂಡಲೇ ನೀವು ಫೋನನ್ನು ಅಮ್ಮನ ಕೈಗೆ ದಾಟಿಸಿಬಿಡುತ್ತೀರಿ. ಬಾಯಲ್ಲಿ ಹೇಳಿದ್ದು ಗಾಳಿಗೆ, ಬರೆದು ಕೊಟ್ಟಿದ್ದೇ ಆರ್ಡರ್ ಎಂದು ಕಲಿಸಿದವರೂ ನೀವೇ.

ಮೊದಲು ತಪ್ಪೊಪ್ಪಿಗೆ. ಶನಿವಾರ ಹೊಸ ಸಿಪಾಯಿಗಳ ತರಬೇತಿ ಮುಗಿಯುವ ಸಮಾರಂಭಕ್ಕೆ ನಿಮ್ಮನ್ನು ಅತಿಥಿಯಾಗಿ ಕರೆದು ಪತ್ರ ಬಂದಾಗ ನೀವು ಹೇಳಿದ್ದು ನೆನಪಿದೆಯೇ? "ಆರೋಗ್ಯ ಸರಿಯಿಲ್ಲ ಅಂತ ಒಳ್ಳೇ ಇಂಗ್ಲಿಷಲ್ಲಿ ಬರೆದುಹಾಕು. ಮೂವತ್ತು ವರ್ಷ ನಡೆದೆ, ಅಷ್ಟೇ. ನಡೆದಿದ್ದರ ಬಗ್ಗೆ ಏನು ಭಾಷಣ ಮಾಡ್ಲಿ?" ಬರೆದೆ. ಬರೆದು ಮುಗಿಸಿದಾಗ ಮನಸ್ಸಿಗೆ ನಿರಾಳವಾಯಿತು. ಆಮೇಲೆ ಆ ನಿರಾಳವೇ ಚುಚ್ಚತೊಡಗಿತು. ಎದೆಯ ಮೇಲೆ ಒಂದು ಪದಕವಿಲ್ಲ, ಹವಾಲ್ದಾರಿಕೆ ದಾಟಿ ಬಡ್ತಿಯಿಲ್ಲ, ಪಾಪ, ಇವರು ವೇದಿಕೆ ಹತ್ತಿ ಏನು ಹೇಳಿಯಾರು ಎಂದು ನನಗೂ ಅನಿಸಿತ್ತಲ್ಲವೇ? ನಿಮ್ಮ ಮೂವತ್ತು ವರ್ಷಕ್ಕೆ ನಾನೂ ಸೊನ್ನೆ ಸುತ್ತಿದ್ದೆ. ಆ ಪತ್ರವನ್ನು ಅಂಚೆಗೆ ಹಾಕಲು ಕೈ ಬರಲಿಲ್ಲ. ಕರೆದವರಿಗೆ ಖುದ್ದಾಗಿ ಕೊಟ್ಟು ಕ್ಷಮೆ ಕೇಳೋಣವೆಂದು ನಿನ್ನೆ ಮಧ್ಯಾಹ್ನ ಇಲ್ಲಿಗೆ ಬಂದೆ.

ಸೊನ್ನೆ ಸುತ್ತಿದ್ದು ಅದೇ ಮೊದಲ ಸಲವೂ ಅಲ್ಲ. ಐದನೇ ಕ್ಲಾಸಿನಲ್ಲಿ 'ನನ್ನ ತಂದೆಯ ಸಾಹಸ' ಎಂದು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದೆ. ನೀವು ಒಬ್ಬರೇ ಬೆಟ್ಟ ಹತ್ತಿ, ಏಳು ಜನ ಶತ್ರುಗಳನ್ನು ಹೊಡೆದು, ಬಾವುಟ ನೆಟ್ಟಿರಿ. ಬಹುಮಾನ ಬಂತು. ರಜೆಯಲ್ಲಿ ಬಂದಿದ್ದ ನಿಮ್ಮನ್ನು ದೊಡ್ಡ ಟೀಚರು ವೇದಿಕೆ ಮೇಲೆ ನಿಲ್ಲಿಸಿ ಅದನ್ನು ಓದಿದರು. ಅರ್ಥವಾಗದಿದ್ದರೂ ನೀವು ಅಟೆನ್ಷನ್‌ನಲ್ಲಿ ನಿಂತಿದ್ದಿರಿ. ಮನೆಗೆ ಬರುವಾಗ ಬಸ್ಸಿನಲ್ಲಿ, "ಅದರಲ್ಲಿ ಏನಿತ್ತು, ನಮ್ಮ ಮಾತಲ್ಲಿ ಹೇಳು" ಎಂದಿರಿ. ನನ್ನ ಸುಳ್ಳನ್ನು ನಾನೇ ಒಂದೊಂದು ಸಾಲಾಗಿ ನಿಮಗೆ ಬಿಡಿಸಿ ಹೇಳುವಾಗ ಕಿವಿ ಬಿಸಿಯಾಗುತ್ತಿತ್ತು. ನೀವು ಬೈಯಲಿಲ್ಲ. ಕೊನೆಗೆ ಹೇಳಿದ್ದು ಇಷ್ಟೇ: "ಎಲ್ಲಾ ಚೆನ್ನಾಗಿದೆ ಮಗಾ. ಬೆಟ್ಟ ಹತ್ತೋಕೆ ಮುಂಚೆ ಸಾಕ್ಸ್ ಬದಲಾಯಿಸಿದ್ನಾ ಇಲ್ವಾ ಅಂತ ಬರೀಲಿಲ್ಲ ನೀನು." ಬಹುಮಾನದ ಕಪ್ಪಿನಲ್ಲಿ ಪಾಲಿಶ್ ಬ್ರಷ್ ನಿಲ್ಲಿಸಿಟ್ಟಿರಿ. ಇವತ್ತಿಗೂ ಅದು ಅಲ್ಲೇ ಇದೆ.

ಸರಿ, ನಿನ್ನೆಯ ಮಾತಿಗೆ ಬರುತ್ತೇನೆ. ಇಲ್ಲಿನ ಮುಖ್ಯ ತರಬೇತುದಾರರ ಕೋಣೆಗೆ ಹೋದೆ. ಹಸಿರು ಬಣ್ಣದ ಕಬ್ಬಿಣದ ಮೇಜು, ಗೋಡೆಗೆ ನಕ್ಷೆ, ಮೂಲೆಯಲ್ಲಿ ಸಾಲಾಗಿ ಬೂಟು. ನಾನು ಯಾರೆಂದು ಹೇಳಿದ್ದೇ ತಡ, ಆ ಮನುಷ್ಯ ಎದ್ದು ನಿಂತರು. ನಿಮ್ಮ ತುಕಡಿಯಲ್ಲಿ ಎಲ್ಲರಿಗಿಂತ ಚಿಕ್ಕವರಂತೆ, ನೀವು 'ಮರಿ' ಎಂದು ಕರೆಯುತ್ತಿದ್ದಿರಂತೆ. ಮರಿಗೆ ಈಗ ಮೀಸೆಯೆಲ್ಲ ಬಿಳಿ. ನನ್ನ ಕೈಯಲ್ಲಿದ್ದ ಲಕೋಟೆ ನೋಡುವ ಮೊದಲೇ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದರು, ಸಾಕ್ಸ್ ಎಳೆದರು, ಎರಡೂ ಕಾಲು ಮುಂದೆ ಚಾಚಿದರು. "ಹತ್ತು ಬೆರಳೂ ಇವೆ ಮೇಡಂ. ಎಣಿಸ್ಕೊಳ್ಳಿ."

ಆಮೇಲೆ ನೀವಿಬ್ಬರೂ ಇದ್ದ ಹಿಮದ ಠಾಣೆಯ ಕಥೆ ಹೇಳಿದರು. ಅದನ್ನು ಮನೆಯಲ್ಲಿ ನೀವು ಒಂದು ಸಲವೂ ಹೇಳಲಿಲ್ಲವಲ್ಲ ಅಪ್ಪ. ಕೇಳಿದರೆ "ಚಳಿ ಇತ್ತು" ಎನ್ನುತ್ತಿದ್ದಿರಿ. ದಾರಿ ಮುಚ್ಚಿ ನಲವತ್ತೊಂದು ದಿನ, ಹನ್ನೊಂದು ಜನ. ದಾರಿ ತೆರೆದಾಗ ಪಕ್ಕದ ಠಾಣೆಯಿಂದ ಚಳಿಗೆ ಬೆರಳು ಕಪ್ಪಾದವರನ್ನು ಸ್ಟ್ರೆಚರಿನಲ್ಲಿ ಇಳಿಸಿದರಂತೆ. ನಿಮ್ಮ ಠಾಣೆಯಲ್ಲಿ ದಿನಾ ಸಂಜೆ ಐದಕ್ಕೆ ಸೀಟಿ. ಎಲ್ಲರೂ ಬೂಟು ಬಿಚ್ಚಬೇಕು, ಜೋಡಿ ಜೋಡಿಯಾಗಿ ಒಬ್ಬರ ಕಾಲು ಒಬ್ಬರು ತಿಕ್ಕಬೇಕು, ಒದ್ದೆ ಸಾಕ್ಸನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಒಣಗಿಸಿಕೊಳ್ಳಬೇಕು. "ಶತ್ರು ಬಂದಿದ್ರೆ ಆ ವಾಸನೆಗೇ ತಿರುಗಿ ಓಡ್ತಿದ್ದ" ಎಂದು ಅವರು ನಕ್ಕರು. ಎಲ್ಲರೂ ನಿಮ್ಮನ್ನು ಬೈಯುತ್ತಿದ್ದರಂತೆ. ಒಂದು ಸಂಜೆ ಈ ಮರಿ ತನ್ನ ಬೆರಳಿಗೆ ಸ್ಪರ್ಶ ತಿಳಿಯದಿದ್ದದ್ದನ್ನು ಮುಚ್ಚಿಟ್ಟರಂತೆ, ಹೇಳಿದರೆ ಹೇಡಿ ಅಂದುಕೊಳ್ಳುತ್ತಾರೆಂದು. ಕಾಲು ಮುಟ್ಟಿ ನೋಡಿದ ನೀವು ಅಂಗಿ ಎತ್ತಿ, ಆ ಮಂಜುಗಡ್ಡೆಯಂಥ ಎರಡು ಪಾದಗಳನ್ನು ನಿಮ್ಮ ಬರಿ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿರಿ, ಬೆರಳು ನೋಯತೊಡಗುವವರೆಗೆ. ಅವರು ಅತ್ತಾಗ, "ನೋವಾಯ್ತಾ? ಹಾಗಾದ್ರೆ ಬದುಕಿದೆ, ಬಿಡು" ಎಂದಿರಂತೆ.

ಹನ್ನೊಂದು ಜನ ಹೋದರು, ಹನ್ನೊಂದು ಜನ ತಮ್ಮ ಕಾಲ ಮೇಲೆ ನಡೆದು ಇಳಿದರು. ಇದಕ್ಕೆ ಪದಕವಿಲ್ಲ ಎಂದು ನಾನು ಅಂದಾಗ ಅವರು ಬೂಟಿನ ದಾರ ಕಟ್ಟುತ್ತಾ ಹೇಳಿದರು: "ಏನೂ ಆಗಲಿಲ್ಲ ಅನ್ನೋದಕ್ಕೆ ಯಾರು ಪದಕ ಕೊಡ್ತಾರೆ ಮೇಡಂ? ಏನೂ ಆಗದ ಹಾಗೆ ನೋಡಿಕೊಂಡವರು ಅವರು."

ಅಷ್ಟರಲ್ಲಿ ಐದು ಗಂಟೆಯ ಸೀಟಿ ಕೇಳಿಸಿತು. ಕಿಟಕಿಯಿಂದ ನೋಡಿದರೆ ಮೈದಾನದ ಅಂಚಿನಲ್ಲಿ ಮುನ್ನೂರು ಜನ ಕೂತು ಬೂಟು ಬಿಚ್ಚುತ್ತಿದ್ದಾರೆ. ಹೊರಗೆ ಹೋಗಿ ಹತ್ತಿರ ನಿಂತೆ. ಒಬ್ಬ ಇನ್ನೊಬ್ಬನಿಗೆ, "ಬೇಗ ಬಿಚ್ಚೋ, ಸಾಕ್ಸ್ ಹವಾಲ್ದಾರ್ ಬಂದ್ಬಿಡ್ತಾನೆ" ಎಂದ. ಯಾರಪ್ಪಾ ಅವರು ಎಂದು ಕೇಳಿದೆ. "ಯಾರೋ ಹಳೇ ಕಾಲದೋರು ಮೇಡಂ. ಸತ್ತು ಎಷ್ಟೋ ವರ್ಷ ಆಯ್ತಂತೆ. ಕಾಲು ಒರೆಸದೆ ಮಲಗಿದ್ರೆ ದೆವ್ವ ಆಗಿ ಬಂದು ಹೆಬ್ಬೆರಳು ಹಿಡಿದು ಎಳೀತಾರಂತೆ." ಪಕ್ಕದವನು ಗಂಭೀರವಾಗಿ, ತನ್ನದನ್ನು ಒಂದು ಸಲ ಎಳೆದಿದ್ದಾರೆ ಎಂದ.

ಆ ದೆವ್ವ ಮೊನ್ನೆಯಷ್ಟೇ ನನಗೆ ಫೋನ್ ಮಾಡಿ, ಗ್ಯಾಸ್ ಸಿಲಿಂಡರ್ ಯಾಕಿನ್ನೂ ಬಂದಿಲ್ಲ ಎಂದು ಜಗಳ ಆಡಿತು ಎಂದು ನಾನು ಹೇಳಲಿಲ್ಲ. ಮುನ್ನೂರು ಜೋಡಿ ಬರಿಗಾಲು ಅಪ್ಪ, ಸಂಜೆ ಬಿಸಿಲಿಗೆ ಚಾಚಿಕೊಂಡಿದ್ದವು. ನಿಮ್ಮ ಮುಖವನ್ನೇ ಕಂಡಿರದವರು ನಿಮಗೆ ಹೆದರಿ ಒಬ್ಬರ ಕಾಲು ಒಬ್ಬರು ತಿಕ್ಕುತ್ತಿದ್ದರು. ಹೆಣ್ಣು ನೋಡಲು ಬಂದಾಗ ನೀವು ತನ್ನ ಮುಖಕ್ಕಿಂತ ಮುಂಚೆ ಕಾಲು ನೋಡಿದಿರಿ ಎಂದು ಅಮ್ಮ ಆಡಿಕೊಳ್ಳುವಾಗಲೆಲ್ಲ ನಾನೂ ನಗುತ್ತಿದ್ದೆ. ಇನ್ನು ಮುಂದೆಯೂ ನಗುತ್ತೇನೆ, ಆದರೆ ಬೇರೆ ಥರ.

ಶನಿವಾರ ನೀವು ಬರಬೇಕು. ಭಾಷಣ ಬೇಡ. ಸಾಲಿನುದ್ದಕ್ಕೂ ನಡೆದು ಕಾಲು ನೋಡಿದರೆ ಸಾಕು. ಅದು ನಿಮಗೆ ಬರುತ್ತದೆ.

ನಿಮ್ಮ ಆರ್ಡರ್ ಮೀರಿದ,
ಮಗಳು

ತಾ.ಕ.: ನೀವು ಹೇಳಿ ಬರೆಸಿದ ಪತ್ರವನ್ನು ನಾನು ಕೊಡಲಿಲ್ಲ. ಅದರ ಬದಲು ನಿಮ್ಮ ಪರವಾಗಿ ಒಪ್ಪಿಗೆ ಬರೆದುಕೊಟ್ಟಾಗಿದೆ. ಇದನ್ನು ತಂದ ಡ್ರೈವರೇ ಶನಿವಾರ ಬೆಳಿಗ್ಗೆ ನಿಮ್ಮನ್ನೂ ಅಮ್ಮನನ್ನೂ ಕರೆತರುತ್ತಾರೆ. ಇನ್ನೊಂದು ವಿಷಯ. ನೀವು ವೇದಿಕೆಯ ಮೇಲೆ ನಿಂತಾಗ ನಾನು ಒಂದು ಪ್ರಬಂಧ ಓದುತ್ತೇನೆ, ಈ ಸಲ ನಮ್ಮ ಮಾತಿನಲ್ಲೇ. ಶತ್ರುಗಳು ಒಬ್ಬರೂ ಸಾಯುವುದಿಲ್ಲ. ಮೊದಲನೇ ಸಾಲಿನಲ್ಲೇ ಸಾಕ್ಸ್ ಬದಲಾಯಿಸಿದ್ದೀರಿ.