ಮೂರನೇ ಸಲ ತೊಳೆದ ಲಾರಿ

ಡ್ರೈವರ್ ಸಾಹೇಬ್ರ,

ನಾ ಅಂಗನವಾಡಿಗೆ ಹೊಂಟೇನ್ರಿ. ನೀವು ಹೊಳ್ಯಾಗ ಲಾರಿ ತೊಳದು ಬಂದ ಕೂಡ್ಲೇ ಇದನ್ನ ಓದ್ರಿ.

ಹನ್ನೆರಡು ದಿನದಿಂದ ಲೋಡ್ ಇಲ್ಲಂತ ಫೋನ್ ಬಚ್ಚಲಕ್ಕೂ ಒಯ್ತಿದ್ರಿ. ಇವತ್ತೊಂದಿನ ಚಾರ್ಜಿಗೆ ಹಾಕಿ ಮರತು ಹೋದ್ರಿ, ಇವತ್ತೇ ಮಾಲಕರ ಫೋನ್ ಬಂತು! ನಾನೇ ಎತ್ತಿದೆ.

ಕೊಗನೊಳ್ಳಿ ಗೋದಾಮಿನ್ಯಾಗ ಬೆಲ್ಲದ ಲೋಡ್ ಐತಿ. ನಾಕಕ್ಕ ಅಲ್ಲಿರಬೇಕಂತ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟೇನಿ. ತೊಯ್ದ ಅಂಗೀಲೇ ಹೋಗಬ್ಯಾಡ್ರಿ, ಒಣಗಿದ್ದು ಹಾಕ್ಕೊಳ್ರಿ.

ಇನ್ನೊಂದು ಮಾತು. ಲೋಡ್ ಕಡಿಮಿ ಆದ್ರ ಹೊಸದಾಗಿ ಸೇರಿದ ನಿಮ್ಮನ್ನೇ ಮೊದಲ ಕೆಲಸದಿಂದ ಬಿಡಸ್ತಾರಂತ ಹೆದರಿ ಕುಂತಿದ್ರಲ್ಲ? ಮಾಲಕರು, "ನಿನ್ನ ಗಂಡ ಬ್ಯಾರೆ ಕಡೆ ಕೆಲಸ ಹಿಡದಾನೇನವಾ?" ಅಂತ ಕೇಳಿದ್ರು. "ಇಲ್ರಿ, ನಿಮ್ಮ ಲಾರೀನೇ ತೊಳ್ಯಾಕ ಹೋಗ್ಯಾರ. ಈ ವಾರದಾಗ ಮೂರನೇ ಸಲ, ಅದೂ ನನ್ನ ಶಾಂಪೂ ಹಾಕಿ" ಅಂದೆ. ಅವರು ಬಿದ್ದು ಬಿದ್ದು ನಕ್ಕರು. ಆಮ್ಯಾಲೆ, "ಹಂಗಾದ್ರ ಲೋಡ್ ಇರ್ಲಿ ಬಿಡ್ಲಿ, ಆ ಲಾರಿ ಅವಂದೇ. ಬ್ಯಾರೆಯವ್ರ ಕೈಯಾಗ ಕೊಡೂದಿಲ್ಲ" ಅಂದ್ರು.

ಬರೂವಾಗ ಶಾಂಪೂ ತರ್ರಿ. ದೊಡ್ಡ ಬಾಟಲಿನೇ ತರ್ರಿ, ನಿಮ್ಮ ಲಾರಿಗೆ ಸಾಕಾಗಿ ನನಗೂ ಒಂದೀಟು ಉಳೀಬೇಕು.

ಸಾರಿಕಾ