ಬೆನ್ನಿನ ಫೋಟೋ

ಜುಲೈ 18, ಗುರುವಾರ. ಬೆಳಿಗ್ಗೆ 6.30

ನಿನ್ನೆಯ ಆನ್‌ಲೈನ್ ಮೀಟಿಂಗಿನ ಮಿನಿಟ್ಸ್ ಟೈಪ್ ಮಾಡಿ ಮುಗಿಸಿದೆ. ಹಾಜರಾದವರು ಆರು ಜನ. ಅದರಲ್ಲಿ ಕುಷ್ಟಗಿಯ ಕಲ್ಲೇಶ ಸರ್ ಕ್ಯಾಮೆರಾ ಆಫ್ ಮಾಡಿಕೊಂಡು ಊಟಕ್ಕೆ ಕೂತಿದ್ದರು. ಮೈಕ್ ಆಫ್ ಮಾಡುವುದು ಮರೆತಿದ್ದರು. ಹಪ್ಪಳ ಮುರಿದದ್ದು ಎಲ್ಲರಿಗೂ ಕೇಳಿಸಿತು. ಅವರನ್ನೂ ಹಾಜರು ಅಂತಲೇ ಬರೆದೆ. ಇಲ್ಲದಿದ್ದರೆ ಕೋರಂ ಆಗುವುದಿಲ್ಲ.

ರಾಜ್ಯ ಮನೋವಿಜ್ಞಾನಿಗಳ ಸಂಘದಲ್ಲಿ ಎಂಟು ವಿಭಾಗ. ಸಮುದಾಯ ಮತ್ತು ಸಾಮಾಜಿಕ ಮನೋವಿಜ್ಞಾನ ಎಂಟನೆಯದು. ಮೂರು ವರ್ಷದಿಂದ ನಾನೇ ಸಂಚಾಲಕಿ. ಬೇರೆ ಯಾರೂ ಒಪ್ಪುವುದಿಲ್ಲ ಅನ್ನುವುದು ಒಂದು ಕಾರಣ. ನನಗೇ ಬಿಡಲು ಮನಸ್ಸಿಲ್ಲ ಅನ್ನುವುದು ಇನ್ನೊಂದು. ಸಂಘದ ಅಧ್ಯಕ್ಷರು ಹಂಪಣ್ಣ ಸರ್. ಅಕ್ಟೋಬರಿನ ವಾರ್ಷಿಕ ಸಭೆಯೊಳಗೆ ಏನಾದರೂ ಕೆಲಸ ತೋರಿಸಿ, ಇಲ್ಲದಿದ್ದರೆ ನಿಮ್ಮನ್ನು ಕ್ಲಿನಿಕಲ್ ವಿಭಾಗಕ್ಕೆ ಸೇರಿಸಿಬಿಡೋಣ ಅಂದಿದ್ದಾರೆ. ಕ್ಲಿನಿಕಲ್‌ನವರ ಕೈಕೆಳಗೆ ನಾನು! ಅದೂ ಒಂದು ಬಾಳೇ?

ಮಧ್ಯಾಹ್ನ ಮುಬಾಶಿರಾ ಜೊತೆ ಗಿಣಿಗೇರಾ ಹತ್ತಿರದ ಹಳ್ಳಿಗೆ ಹೋಗಬೇಕು. ನನ್ನ ಹಳೆಯ ವಿದ್ಯಾರ್ಥಿನಿ, ಈಗ ವಿಭಾಗದ ಕಾರ್ಯದರ್ಶಿ. ಎರಡು ವರ್ಷದಿಂದ ಪ್ರತಿ ಗುರುವಾರ ಅಲ್ಲಿಯ ಹೆಂಗಸರನ್ನು ಸೇರಿಸಿ ಕೂರಿಸುತ್ತಾಳೆ. ಒಂದು ಫೋಟೋ ಇಲ್ಲ, ಒಂದು ರಿಪೋರ್ಟ್ ಇಲ್ಲ. ಈ ಹುಡುಗಿಗೆ ಬುದ್ಧಿ ಯಾವಾಗ ಬರುತ್ತದೋ.

ಜುಲೈ 19

ನಿನ್ನೆ ಹೋಗಿದ್ದು ಸಾರ್ಥಕ.

ಅಂಗನವಾಡಿ ಹಿಂದೆ ಬೇವಿನ ಕಟ್ಟೆ. ಒಂಬತ್ತು ಹೆಂಗಸರು. ಬಂದವರೆಲ್ಲ ಮೊದಲು ಫೋನನ್ನು ಒಂದು ಬುಟ್ಟಿಯಲ್ಲಿಟ್ಟು ರೊಟ್ಟಿ ಮುಚ್ಚುವ ಅರಿವೆ ಮುಚ್ಚಬೇಕು. ನನ್ನದನ್ನೂ ಇಡಿಸಿದಳು. “ಇಲ್ಲಿ ಆಡಿದ್ದು ಇಲ್ಲೇ ಬಿಟ್ಟು ಏಳ್ತೀವ್ರಿ ಮೇಡಂ” ಅಂದಳು ಮುಬಾಶಿರಾ. ಕೌನ್ಸೆಲಿಂಗ್ ಇಲ್ಲ, ಉಪದೇಶ ಇಲ್ಲ. ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಉಳಿದವರು ಶೇಂಗಾ ಸುಲಿಯುತ್ತಾ ಕೇಳುತ್ತಾರೆ.

ರೇಣುಕಮ್ಮ ಅಂತ ಒಬ್ಬಳು. ನಲವತ್ತು ಇರಬಹುದು. ಗಂಡ ವಿರುಪಾಕ್ಷಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಅತ್ತೆ ದುರಗಮ್ಮನಿಗೆ ಲಕ್ವಾ ಹೊಡೆದು ನಾಲ್ಕು ವರ್ಷ. ಬಲಗೈ, ಬಲಗಾಲು, ಮಾತು—ಮೂರೂ ಹೋಗಿವೆ. ಉಣಿಸುವುದು, ತೊಳೆಯುವುದು ಎಲ್ಲ ಇವಳೇ. ಊರೆಲ್ಲ ಗುಣದ ಸೊಸೆ ಅಂತ ಹೊಗಳುತ್ತದೆಯಂತೆ. ಅವಳು ಶೇಂಗಾ ಸುಲಿಯುತ್ತಲೇ ಹೇಳಿದಳು—

“ನಾ ಉಣ್ಣಾಕ ಕುಂತ್ರ ಅತ್ತಿ ಬಾಜೂಕ ಕುಂತು ರೊಟ್ಟಿ ಎಣಸಾಕಿ. ಎರಡರ ಮ್ಯಾಲ ಮುಟ್ಟಿದ್ರ ಬೈಗುಳ. ಆಕಿ ಮಾತು ಹೋದ ದಿನ ನಾಕು ರೊಟ್ಟಿ ಉಂಡೆನ್ರಿ. ಒಬ್ರೂ ಎಣಸಲಿಲ್ಲ. ಅಂಥಾ ಊಟ ನಾ ಉಂಡಿದ್ದಿಲ್ಲ.”

ಯಾರೂ ನಗಲಿಲ್ಲ, ಛೀ ಅನ್ನಲಿಲ್ಲ. ಪಕ್ಕದವಳು ಅವಳ ಮಡಿಲಿಗೆ ಇನ್ನಷ್ಟು ಶೇಂಗಾ ಸುರಿದಳು. ನನಗೆ ಮೈ ಜುಮ್ಮೆಂದಿತು. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ, ಇಂಥ ಒಂದು ವಾಕ್ಯ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ನೆನಪಿರಲಿ ಅಂತ ಬಸ್ಸಿನಲ್ಲಿ ಟಿಕೆಟ್ ಹಿಂದೆ ಬರೆದುಕೊಂಡೆ.

ಏಳುವಾಗ ನನ್ನ ಫೋನ್ ಮೊದಲು ತೆಗೆದುಕೊಂಡೆ. ಅವರೆಲ್ಲ ಇನ್ನೂ ಆ ಕಡೆ ಮುಖ ಮಾಡಿ ಕೂತಿದ್ದರು. ಹಿಂದಿನಿಂದ ಒಂದು ಫೋಟೋ ಹೊಡೆದೆ. ಮುಖ ಒಬ್ಬರದೂ ಇಲ್ಲ. ಎಥಿಕ್ಸ್ ಪ್ರಕಾರ ಸರಿ.

ಆಗಸ್ಟ್ 11, ಭಾನುವಾರ

ವಿಭಾಗದ ವಾರ್ತಾಪತ್ರ ತಯಾರು. ಎಂಟು ಪುಟ. ಮುಖಪುಟಕ್ಕೆ ಬೆನ್ನಿನ ಫೋಟೋ. ಮೂರನೇ ಪುಟದಲ್ಲಿ ‘ಕಟ್ಟೆಯ ಮಾತು’ ಅಂತ ನನ್ನ ಲೇಖನ. ರೇಣುಕಮ್ಮ ಅನ್ನುವಲ್ಲಿ ‘ಲಲಿತಾ’, ಅದರ ಮುಂದೆ ‘ಹೆಸರು ಬದಲಿಸಿದೆ’. ಊರಿನ ಹೆಸರು ತೆಗೆದೆ. ಲಕ್ವಾ, ಶಿಫ್ಟ್ ಕೆಲಸ, ರೊಟ್ಟಿ ಹಾಗೇ ಬಿಟ್ಟೆ. ಅವನ್ನು ತೆಗೆದರೆ ಲೇಖನದಲ್ಲಿ ಉಳಿಯುವುದೇನು?

ಮುಬಾಶಿರಾಗೆ ಪ್ರಿಂಟ್ ತೋರಿಸಲಿಲ್ಲ. ಅವಳ ಅಣ್ಣನ ಮದುವೆ ಗಡಿಬಿಡಿ. ತೊಂದರೆ ಕೊಡುವುದು ಬೇಡ ಅಂತ.

ಆಗಸ್ಟ್ 20, ಮಂಗಳವಾರ

ಪಿಡಿಎಫ್ ಕಳಿಸಿ ಎರಡು ದಿನ. ಫೋನ್ ಕೆಳಗಿಡಲು ಬಿಡುತ್ತಿಲ್ಲ. ಹಂಪಣ್ಣ ಸರ್ ಮೂರು ಕೈಮುಗಿದ ಚಿತ್ರ ಕಳಿಸಿದ್ದಾರೆ. ಕ್ಲಿನಿಕಲ್‌ನ ಸುನಿತಾ ಕೂಡ—ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು—“ವೆರಿ ಮೂವಿಂಗ್”. ಕಾಲೇಜಿನ ಗ್ರೂಪಿಗೂ ಹಾಕಿದೆ. ಮಕ್ಕಳೂ ಓದಲಿ. ಮುಬಾಶಿರಾ ಓದಿದ್ದಾಳೆ, ನೀಲಿ ಗೆರೆ ಬಂದಿದೆ. ಏನೂ ಬರೆದಿಲ್ಲ.

ಸೆಪ್ಟೆಂಬರ್ 5, ಗುರುವಾರ. ಸಂಜೆ 5

ಶಿಕ್ಷಕರ ದಿನ. ಮಕ್ಕಳು ಗುಲಾಬಿ ಕೊಟ್ಟರು. ಮಧ್ಯಾಹ್ನ ಮುಬಾಶಿರಾ ಸ್ಟಾಫ್ ರೂಮಿಗೆ ಬಂದಳು. ಕೂರಲಿಲ್ಲ.

“ಕಟ್ಟಿ ಕಡೆ ಯಾರೂ ಬರಾಕತ್ತಿಲ್ರಿ ಮೇಡಂ. ಎರಡು ವಾರಾತು. ನಾ ಒಬ್ಬಾಕೀನ ಕುಂತು ಬರ್ತೀನಿ.”

ನಮ್ಮ ಬಿ.ಎ. ಕ್ಲಾಸಿನ ಹಾಲೇಶ ಆ ಊರಿನವನೇ ಅಂತೆ. ಕಾಲೇಜಿನ ಗ್ರೂಪಿನಲ್ಲಿ—ನಾನೇ ಹಾಕಿದ ಗ್ರೂಪಿನಲ್ಲಿ—ಫೋಟೋ ನೋಡಿ ತಾಯಿಗೆ ತೋರಿಸಿದ್ದಾನೆ. ಅವಳು ಒಬ್ಬೊಬ್ಬರನ್ನೂ ಬೆರಳಿಟ್ಟು ಹೇಳಿದಳಂತೆ, ಇವಳು ಇಂಥವಳು, ಇವಳು ಇಂಥವಳು ಅಂತ.

“ಮುಖ ಇರಲಿಲ್ಲವಲ್ಲೇ?” ಅಂದೆ.

“ಅವರಿಗೆ ಬೆನ್ನು ಸಾಕ್ರಿ ಮೇಡಂ. ದಿನಾ ಬೆಳಿಗ್ಗೆದ್ದು ಹೊಲದ ಬದುವಿನ ಮ್ಯಾಲ ಒಬ್ಬರ ಹಿಂದ ಒಬ್ಬರು ಹೋಗೋರು. ಮುಖಕ್ಕಿಂತ ಬೆನ್ನ ಭಾಳ ನೋಡಿರ್ತಾರ.”

ಹಾಲೇಶ ಲೇಖನವನ್ನೂ ಗಟ್ಟಿಯಾಗಿ ಓದಿದ್ದಾನೆ. ಅದು ಮನೆಯಿಂದ ಮನೆಗೆ ಹೋಗಿ, ಕೊನೆಗೆ ಯಾರೋ ಪುಣ್ಯಾತ್ಗಿತ್ತಿ ದುರಗಮ್ಮನ ಮಂಚದ ಹತ್ತಿರ ಕೂತು ಪೂರ್ತಿ ಹೇಳಿದ್ದಾಳೆ. ಮುದುಕಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ. ಅವತ್ತಿನಿಂದ ರೇಣುಕಮ್ಮ ತುತ್ತು ಹಿಡಿದರೆ ಅತ್ತೆ ಹಲ್ಲು ಕಚ್ಚಿ ಬಾಯಿ ಮುಚ್ಚುತ್ತಾಳಂತೆ. ಯಲಬುರ್ಗಾದಿಂದ ಮಗಳು ಅನ್ನಮ್ಮ ಬಂದು ಕೂತಿದ್ದಾಳೆ. ಅವಳ ಕೈಯಲ್ಲಿ ಒಂದಿಷ್ಟು ಗಂಜಿ ಇಳಿಯುತ್ತದೆ, ಅಷ್ಟೇ.

ಮುಬಾಶಿರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲೆ ಆ ಗುಲಾಬಿಗಳು. ಎತ್ತಿ ಕಸದ ಬುಟ್ಟಿಗೆ ಹಾಕಲೂ ನಾಚಿಕೆಯಾಯಿತು—ಜವಾನ ನೋಡುತ್ತಾನೆ ಅಂತ.

ಸೆಪ್ಟೆಂಬರ್ 10

ಹೋಗಿದ್ದೆ. ಕ್ಷಮೆ ಕೇಳೋಣ ಅಂತಲೇ ಹೋಗಿದ್ದೆ. ವಿರುಪಾಕ್ಷಿ ಬಾಗಿಲಲ್ಲಿದ್ದ. “ಬರ್ರಿ ಮೇಡಮ್ಮಾರ, ಕುಂದರ್ರಿ” ಅಂತ ಕುರ್ಚಿ ಹಾಕಿದ. ಇಷ್ಟಾದರೂ ಕುರ್ಚಿ. ರೇಣುಕಮ್ಮ ಚಹಾ ತಂದಿಟ್ಟಳು, ನನ್ನ ಕಡೆ ನೋಡಲಿಲ್ಲ.

ನನ್ನ ಬಾಯಿಂದ ಬಂದದ್ದು ಏನು? “ಹೆಸರು ಬದಲಿಸಿದ್ದೆ, ನೋಡಿ.” ಫೋನ್ ತೆಗೆದು ‘ಲಲಿತಾ’ ಅನ್ನುವುದನ್ನು ತೋರಿಸಿದೆ. ದೊಡ್ಡದು ಮಾಡಿ ತೋರಿಸಿದೆ!

“ಹೌದ್ರಿ. ಬದಲಿ ಮಾಡೀರಿ” ಅಂದಳು.

ಒಳಗೆ ಮಂಚದ ಮೇಲಿಂದ ದುರಗಮ್ಮ ನನ್ನನ್ನೇ ನೋಡುತ್ತಿದ್ದಳು. ಚಹಾ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಪಕ್ಕದವಳು ಯಾಕ್ರಿ ಅಳಾಕತ್ತೀರಿ ಅಂದಳು. ಕಣ್ಣಿಗೆ ಕಾರ್ಖಾನೆ ಧೂಳು ಅಂದೆ. ಅಲ್ಲೂ ಸುಳ್ಳು.

ಸೆಪ್ಟೆಂಬರ್ 28, ಶನಿವಾರ

ಇಷ್ಟು ದಿನ ಬರೆದಿಲ್ಲ. ಬರೆಯುವುದಕ್ಕೆ ನನ್ನನ್ನು ನಾನೇ ನೋಡಬೇಕಲ್ಲ.

ಹಂಪಣ್ಣ ಸರ್ ಫೋನ್. ನಮಗೆ ‘ವರ್ಷದ ಅತ್ಯುತ್ತಮ ವಿಭಾಗ’ ಪ್ರಶಸ್ತಿ. ವಿಭಾಗ ಉಳಿಯಿತು, ನೀವು ಇನ್ನೆರಡು ವರ್ಷ ಮುಂದುವರಿಯಿರಿ ಅಂದರು. “ಥ್ಯಾಂಕ್ಯೂ ಸರ್” ಅಂದೆ. ಎಷ್ಟು ಸಲೀಸಾಗಿ ಅಂದೆ!

ಮುನಿರಾಬಾದ್ ಆಫೀಸಿನಿಂದ ನಮ್ಮ ಯಜಮಾನರು ಬಂದ ಮೇಲೆ ಎಲ್ಲ ಹೇಳಿಕೊಂಡೆ. ಪ್ರಭುರಾಜ ಸ್ವಭಾವತಃ ಸಮಾಧಾನಿ. “ಬಿಡು, ನಾಕು ದಿನ ಹೋದ್ರ ಮಂದಿ ಮರೀತಾರ” ಅಂದರು. ಮರೆಯಲಿ ಅಂತ ನನಗೂ ಆಸೆ ಇದ್ದದ್ದರಿಂದಲೇ ಅವರ ಮೇಲೆ ಸಿಟ್ಟು ಬಂತು.

ಮುಬಾಶಿರಾಗೆ ನಾನೇ ಫೋನ್ ಮಾಡಿದೆ. ಅನ್ನಮ್ಮ ಸೋಮವಾರ ಊರಿಗೆ ಹೊರಟಿದ್ದಾಳೆ, ಅವಳ ಮನೆಯಲ್ಲೂ ಮಕ್ಕಳಿದ್ದಾರೆ. ಆಮೇಲೆ ಮುದುಕಿಗೆ ಉಣಿಸುವವರು ಯಾರು? ಈಗಾಗಲೇ ಬಡಕಲಾಗಿದ್ದಾಳಂತೆ.

ಒಂದು ದಾರಿ ಹೊಳೆದಿದೆ. ಆ ಮಾತು ರೇಣುಕಮ್ಮ ಆಡಿದ್ದೇ ಅಲ್ಲ, ನಾನೇ ಕಟ್ಟಿ ಬರೆದದ್ದು ಅಂತ ದುರಗಮ್ಮನ ಮುಂದೆ ಹೇಳಿಬಿಡುವುದು. ಸಭೆಯಲ್ಲೂ ಅದನ್ನೇ ಹೇಳಬೇಕಾಗುತ್ತದೆ. ಪ್ರಶಸ್ತಿ ಹೋಗುತ್ತದೆ, ಹುದ್ದೆ ಹೋಗುತ್ತದೆ. ಹೋಗಲಿ.

ಸೆಪ್ಟೆಂಬರ್ 29, ಭಾನುವಾರ. ಮಧ್ಯಾಹ್ನ 3

ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಮನಸ್ಸು ಹಗುರ ಇತ್ತು. ತ್ಯಾಗ ಮಾಡಲು ಹೊರಟ ಖುಷಿ. ಇದನ್ನು ಬರೆಯಲೇಬೇಕು, ಖುಷಿಯೇ ಇತ್ತು.

ಮಂಚದ ಪಕ್ಕ ನೆಲದ ಮೇಲೆ ಕೂತೆ. ಅನ್ನಮ್ಮ, ಮುಬಾಶಿರಾ ಅಲ್ಲೇ ಇದ್ದರು. ದುರಗಮ್ಮನ ಎಡಗೈ ಹಿಡಿದು ಹೇಳಿದೆ—ಅಮ್ಮಾ, ನಿಮ್ಮ ಸೊಸೆ ಹಾಗೆ ಅಂದಿಲ್ಲ. ಅದೆಲ್ಲ ನಾನು ಕಟ್ಟಿದ ಕಥೆ.

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. ಅಡುಗೆ ಮನೆ ಬಾಗಿಲಲ್ಲಿ ಗಂಜಿ ಬಟ್ಟಲು ಹಿಡಿದು ನಿಂತಿದ್ದ ರೇಣುಕಮ್ಮ ಒಳಗೆ ಬಂದಳು.

“ಸುಳ್ಳ್ಯಾಕ ಹೇಳ್ತೀರ್ರಿ ಮೇಡಮ್ಮಾರ? ಅದು ನಾ ಅಂದ ಮಾತು.”

ಆಮೇಲೆ ಅತ್ತೆಯ ಕಡೆ ತಿರುಗಿದಳು. “ನಾನ ಅಂದೀನಿ ಅತ್ತಿ. ನೀ ರೊಟ್ಟಿ ಎಣಸ್ತಿದ್ದಿ, ಖರೇ. ಅವತ್ತು ನಾ ನಾಕು ಉಂಡೀನಿ, ಖರೇ. ನಾಕು ವರ್ಷ ನಿನ್ನ ಹೇಲು ಉಚ್ಚಿ ಬಳದೀನಿ. ಅದೂ ಖರೇನ ಐತಿ.”

ಅತ್ತೆಗೆ ‘ನೀ’ ಅಂದದ್ದು ಅದೇ ಮೊದಲಿರಬೇಕು. ಅನ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ದುರಗಮ್ಮ ಎಡಗೈ ನನ್ನಿಂದ ಬಿಡಿಸಿಕೊಂಡು ಮಂಚಕ್ಕೆ ಪಟಪಟ ಬಡಿದಳು. ಸಿಟ್ಟೋ, ಅಳುವೋ ತಿಳಿಯಲಿಲ್ಲ. ಗಂಟಲಿನಿಂದ ಏನೋ ಸದ್ದು ಬಂತು.

ರೇಣುಕಮ್ಮ ಬಟ್ಟಲು ಕೆಳಗಿಟ್ಟಳು. ನನಗೆ ಹೇಳಿದಳು, ಮೆಲ್ಲಗೆ—

“ಈ ಮನಿಗೆ ಬಂದು ಹದಿನೇಳು ವರ್ಷದಾಗ ನಂದು ಅಂತ ನಾ ಆಡಿದ್ದು ಅದೊಂದ ಮಾತ್ರಿ. ನನ್ನ ಕೇಳದ ಒಯ್ದು ಪೇಪರಿನ್ಯಾಗ ಹಾಕಿದ್ರಿ. ಈಗ ಬಂದು ಅದು ನಿಮ್ಮದು ಅಂತೀರಿ. ಎರಡು ಸಲ ಒಯ್ದಂಗಾತಲ್ರಿ.”

ಎದ್ದೆ. ಚಪ್ಪಲಿ ಬಲಗಾಲಿನದು ಎಡಕ್ಕೆ ಹಾಕಿಕೊಂಡು ಓಣಿ ದಾಟುವವರೆಗೆ ಗೊತ್ತೇ ಆಗಲಿಲ್ಲ. ಮುಬಾಶಿರಾ ಬಸ್ ಸ್ಟಾಪಿನವರೆಗೆ ಬರಲಿಲ್ಲ.

ಅಕ್ಟೋಬರ್ 1

ಮುಬಾಶಿರಾ ಮೆಸೇಜ್. ಪೂರ್ತಿ ನಕಲು ಮಾಡುತ್ತೇನೆ.

“ಅನ್ನಮ್ಮ ಊರಿಗೆ ಹೋದ್ರು. ಇವತ್ತು ರೇಣುಕಕ್ಕನ ಕೈಲೆ ಅಜ್ಜಿ ಎರಡು ಚಮಚ ಉಂಡಾರ. ಮೂರನೇದು ಅಕ್ಕನ ಮ್ಯಾಲ ಉಗುಳಿದ್ರು. ಅಕ್ಕ ಇನ್ನೊಂದು ಚಮಚ ಹಿಡದ್ಲು. ಹೆಂಗಸ್ರು ಮತ್ತ ಕೂಡಾಕತ್ಯಾರ. ಗುರುವಾರ ಅಲ್ಲ, ಬ್ಯಾರೆ ದಿನ. ಯಾವ ದಿನ ಅಂತ ನಿಮಗ ಹೇಳಬಾರ್ದು ಅಂದಾರ. ಕಾರ್ಯದರ್ಶಿ ಕೆಲಸ ಬಿಡ್ತೀನ್ರಿ ಮೇಡಂ.”

ಕಾಲೇಜಿನ ಗ್ರೂಪಿನಿಂದ ಪಿಡಿಎಫ್ ಅಳಿಸಲು ಹೋದೆ. ಆಗಲೇ ತಡ ಆಗಿದೆ, ನನ್ನ ಫೋನಿನಿಂದ ಮಾತ್ರ ಹೋಗುತ್ತದಂತೆ.

ಅಕ್ಟೋಬರ್ 5, ಶನಿವಾರ. ಗಂಗಾವತಿ, ಬೆಳಿಗ್ಗೆ 10.10

ಸಭಾಂಗಣದ ಮೂಲೆಯ ಕುರ್ಚಿಯಲ್ಲಿ ಕೂತಿದ್ದೇನೆ. ಉಪ್ಪಿಟ್ಟು ಹಂಚುತ್ತಿದ್ದಾರೆ. ಕಲ್ಲೇಶ ಸರ್ ಎರಡನೇ ತಟ್ಟೆಯಲ್ಲಿದ್ದಾರೆ. ಸುನಿತಾ ಬಂದು ಕೈ ಕುಲುಕಿ, ನಿಮ್ಮ ಲಲಿತಾ ಹೇಗಿದ್ದಾಳೆ ಅಂದಳು. ಪ್ರಶಸ್ತಿ ಬೇಡ ಅಂತ ಹಂಪಣ್ಣ ಸರ್‌ಗೆ ಹೇಳಿದೆ. ಸ್ಟೇಜ್ ಮೇಲೆ ವಿನಯ ತೋರಿಸಿ, ಈಗಲೇ ಬೇಡ ಅಂತ ನಕ್ಕರು.

ಐದು ನಿಮಿಷ ಮಾತಾಡಬೇಕು. ನಿನ್ನೆಯಿಂದ ಮೂರು ಸಲ ಬರೆದೆ.

‘ಕ್ಷೇತ್ರಕಾರ್ಯದಲ್ಲಿ ಆದ ಅಚಾತುರ್ಯದಿಂದ’—ಹೊಡೆದು ಹಾಕಿದೆ. ಅಚಾತುರ್ಯ ಅಂತೆ! ಅಲ್ಲಿ ಕಾಲು ಜಾರಿ ಬಿದ್ದಿದ್ದೆನೇ?

‘ಹೆಸರು ಬದಲಿಸುವುದು ಸಾಲದು ಎಂಬ ಪಾಠ ನಮ್ಮ ವಿಭಾಗಕ್ಕೆ’—ಅದನ್ನೂ ಹೊಡೆದೆ. ಇದರಲ್ಲೂ ಒಂದು ಪಾಠ ಮಾಡಿ ಚಪ್ಪಾಳೆ ತಗೊಳ್ಳುವ ಬುದ್ಧಿ ನನ್ನದು. ರೇಣುಕಮ್ಮನ ಹೆಸರು, ಅತ್ತೆ, ಗಂಜಿ ಯಾವುದನ್ನೂ ಇಲ್ಲಿ ತರುವಂತಿಲ್ಲ. ತಂದರೆ ಮೂರನೇ ಸಲ. ನನ್ನದು ಅಂತ ಇರುವುದನ್ನು ಮಾತ್ರ ಹೇಳಬೇಕು. ಅದು ಒಂದೇ ಮಾತು. ಪ್ರಭುರಾಜರಿಗೂ ಹೇಳಿಲ್ಲ, ಮುಬಾಶಿರಾಗೂ ಹೇಳಿಲ್ಲ.

ಮೈಕ್ ಟೆಸ್ಟ್ ಮಾಡುತ್ತಿದ್ದಾರೆ. ಬರೆದಿಟ್ಟುಕೊಂಡರೆ ಅಲ್ಲಿ ಬದಲಿಸಲು ಆಗುವುದಿಲ್ಲ. ‘ಪ್ರಕಟಿಸುವ ಮೊದಲು ನಾನು ಅವರನ್ನು ಕೇಳಲಿಲ್ಲ. ಮರೆತದ್ದಲ್ಲ. ಪುರಸೊತ್ತು ಇಲ್ಲದೆ ಅಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು ಅಂತ ನನಗೆ ಗೊತ್ತಿತ್ತು, ಅದಕ್ಕೇ ನಾನು—’

ನನ್ನ ಹೆಸರು ಕರೆಯುತ್ತಿದ್ದಾರೆ.